ಟೂಟ್ಸ್ ಹಿಬರ್ಟ್: ರೆಗೇಗೆ ಹೆಸರಿಟ್ಟ ಗಾಯಕನ ಬಗ್ಗೆ ಮಾತಾಡೋಣ

ಹಳೇಟೇಪು:

ಜಮೈಕಾ ದ್ವೀಪದ ರೆಗೇ ಸಂಗೀತ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಒಂದೇ ಮುಖ, ಬಾಬ್ ಮಾರ್ಲಿದು. ಗೋಕರ್ಣದ ಅಂಗಡಿಗಳಲ್ಲಿ ತೂಗುಹಾಕಿದ ಟೀ ಶರ್ಟ್ ಮೇಲೂ ಅವನೇ, ಹುಡುಗರ ಬೈಕಿನ ಸ್ಟಿಕರಲ್ಲೂ ಅವನೇ. ಮಾರ್ಲಿ ದೊಡ್ಡವನು, ಅದರಲ್ಲಿ ಎರಡು ಮಾತಿಲ್ಲ. ಆದರೆ 'ರೆಗೇ' ಅನ್ನೋ ಪದವನ್ನ ಹಾಡಿಗೆ ತಂದ ಶ್ರೇಯ ಸಲ್ಲೋದು ಟೂಟ್ಸ್ ಹಿಬರ್ಟ್‌ಗೆ. 1968ರಲ್ಲಿ ಅವನ ತಂಡ ಮೇಟಲ್ಸ್ ಹಾಡಿದ 'ಡು ದ ರೆಗೇ' ಅದು. ಅವನ ಬಗ್ಗೆ ಕನ್ನಡದಲ್ಲಿ ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕೇ ನಾನೇ ಶುರು ಮಾಡ್ತಿದ್ದೇನೆ.

ನನಗೆ ಅವನ ದನಿ ಸಿಕ್ಕಿದ್ದು ಹಡಗಿನಿಂದ. ನಮ್ಮ ಸೋದರಮಾವ ಸರಕು ಹಡಗಿನಲ್ಲಿ ಕೆಲಸಕ್ಕಿದ್ದರು. ರಜೆಗೆ ಮಂಗಳೂರಿಗೆ ಬಂದಾಗ ಒಂದು ಚೀಲ ಕ್ಯಾಸೆಟ್ ತರ್ತಿದ್ದರು. ಅದರಲ್ಲೊಂದರ ಮೇಲೆ ನೀಲಿ ಪೆನ್ನಿನಲ್ಲಿ ಸುಮ್ನೆ 'ಜಮೈಕಾ' ಅಂತ ಬರೆದಿತ್ತು. ಹಾಡಿನ ಪಟ್ಟಿ ಇಲ್ಲ, ಹಾಡಿದವರ ಹೆಸರಿಲ್ಲ. ಅದರಲ್ಲಿ ಒಬ್ಬ ಗಂಟಲು ಬಿಚ್ಚಿ ಹಾಡುತ್ತಿದ್ದ. ದನಿಯಲ್ಲಿ ಸ್ವಲ್ಪ ಒರಟು, ಜಾಸ್ತಿ ಬಿಸಿ. ಪೆನ್ಸಿಲ್ ತೂರಿಸಿ ಸುತ್ತಿ ಸುತ್ತಿ ಆ ಟೇಪು ಹಿಗ್ಗಿಹೋಯಿತು, ದನಿ ಅಲೆಅಲೆಯಾಗಿ ಕೇಳೋಕೆ ಶುರುವಾಯಿತು. ಆಮೇಲೂ ಬಿಡಲಿಲ್ಲ. ಅವನ ಹೆಸರು ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಪೂರ್ತಿ ಹೆಸರು ಫ್ರೆಡರಿಕ್ ನಥಾನಿಯಲ್ ಹಿಬರ್ಟ್. ಹುಟ್ಟಿದ್ದು 1942ರ ಡಿಸೆಂಬರ್ 8ರಂದು, ಜಮೈಕಾದ ಕ್ಲಾರೆಂಡನ್ ಪ್ರಾಂತ್ಯದ ಮೇ ಪೆನ್ ಊರಿನಲ್ಲಿ. ಅಪ್ಪ ಅಮ್ಮ ಇಬ್ಬರೂ ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದ ಬೋಧಕರು. ಮಕ್ಕಳಲ್ಲಿ ಇವನೇ ಕಡೆಯವನು. ಚರ್ಚಿನಲ್ಲಿ ಎಲ್ಲರ ಜೊತೆ ಹಾಡ್ತಾ ಹಾಡ್ತಾ ಅವನ ಗಂಟಲು ಪಳಗಿತು. ಆದರೆ ಚಿಕ್ಕಂದಿನಲ್ಲೇ ಇಬ್ಬರನ್ನೂ ಕಳೆದುಕೊಂಡ. ಹದಿವಯಸ್ಸಿನಲ್ಲಿ ಕಿಂಗ್‌ಸ್ಟನ್‌ನ ಟ್ರೆಂಚ್ ಟೌನ್ ಸೇರಿ ಕ್ಷೌರದಂಗಡಿಯಲ್ಲಿ ಕೆಲಸ ಹಿಡಿದ. ಕೆಲಸದ ನಡುವೆ ಹಾಡುತ್ತಿದ್ದ. ಅದನ್ನ ಕೇಳಿದ ರ‍್ಯಾಲಿ ಗಾರ್ಡನ್, ಜೆರ್ರಿ ಮಥಾಯಸ್ ಅನ್ನೋ ಇಬ್ಬರು ಅವನ ಜೊತೆಗೂಡಿದರು. ಆ ಮೂವರೇ ಮೇಟಲ್ಸ್. ಜಮೈಕಾಗೆ ಸ್ವಾತಂತ್ರ್ಯ ಬಂದದ್ದು 1962ರ ಆಗಸ್ಟ್‌ನಲ್ಲಿ. ಇವರು ಸ್ಟುಡಿಯೋ ಮೆಟ್ಟಿಲು ಹತ್ತಿದ್ದೂ ಹೆಚ್ಚುಕಡಿಮೆ ಅದೇ ಸಮಯಕ್ಕೆ. ಹೊಸ ದೇಶ, ಹೊಸ ಸಂಗೀತ.

ನೀವೆಲ್ಲ ಏನು ಕೇಳಿದ್ದೀರಿ, ಹೇಳಿ.

ಮಲ್ನಾಡ್‌ಹುಡುಗಿ:

ಅಣ್ಣ, ನಾನು ಇವರ ಹೆಸರು ಇವತ್ತೇ ಕೇಳ್ತಿರೋದು. ಹುಡುಕಿ ನೋಡಿದರೆ 'ಬಾಮ್ ಬಾಮ್' ಅಂತ ಒಂದು ಹಾಡು ಸಿಕ್ಕಿತು. ಆ ಹೆಸರಿಂದು ನನಗೆ ಗೊತ್ತಿರೋದು ಒಬ್ಬ ಹೆಂಗಸು ಹಾಡಿರೋದು, ರೀಲ್ಸ್‌ನಲ್ಲಿ ಎಲ್ಲಾ ಕಡೆ ಬರುತ್ತಲ್ವಾ? ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಹಳೇಟೇಪು:

ಇದೆ ತಂಗಿ. ನೀನು ಕೇಳಿರೋದು ಸಿಸ್ಟರ್ ನ್ಯಾನ್ಸಿ 1982ರಲ್ಲಿ ಹಾಡಿದ್ದು. ಆ 'ಬಾಮ್ ಬಾಮ್' ಅನ್ನೋ ಸೊಲ್ಲು ಇದೆಯಲ್ಲ, ಅದರ ಬೇರು ಮೇಟಲ್ಸ್ ಹಾಡಿನಲ್ಲಿದೆ. 1966ರಲ್ಲಿ ಜಮೈಕಾದಲ್ಲಿ ಸ್ವಾತಂತ್ರ್ಯೋತ್ಸವಕ್ಕೆ ಅಂತ ಹಾಡಿನ ಸ್ಪರ್ಧೆ ಮೊದಲ ಸಲ ನಡೆಯಿತು. ಅದರಲ್ಲಿ ಗೆದ್ದದ್ದು ಟೂಟ್ಸ್‌ನ 'ಬಾಮ್ ಬಾಮ್'. ನನ್ನ ಪಾಡಿಗೆ ನನ್ನನ್ನ ಬಿಡಿ, ಕೆಣಕಿದರೆ ಸುಮ್ಮನಿರಲ್ಲ ಅನ್ನೋ ಧಾಟಿಯ ಹಾಡು. ಅದೇ ಸ್ಪರ್ಧೆಯನ್ನ 1969ರಲ್ಲಿ 'ಸ್ವೀಟ್ ಅಂಡ್ ಡ್ಯಾಂಡಿ', 1972ರಲ್ಲಿ 'ಪಾಂಪ್ಸ್ ಅಂಡ್ ಪ್ರೈಡ್' ಹಾಡಿ ಮತ್ತೆ ಗೆದ್ದ.

ಆದರೆ ಮೊದಲ ಗೆಲುವಿನ ಖುಷಿ ಜಾಸ್ತಿ ದಿನ ಉಳಿಯಲಿಲ್ಲ. ಗಾಂಜಾ ಇಟ್ಟುಕೊಂಡಿದ್ದ ಅಂತ ಪೊಲೀಸರು ಹಿಡಿದು ಜೈಲಿಗೆ ಹಾಕಿದರು.

ಗದಗಿನವ:

ಅಲ್ರೀ, ನಾನೂ ಅದನ್ನೇ ಕೇಳಬೇಕು ಅಂತಿದ್ದೆ. ತಪ್ಪು ತಿಳೀಬೇಡಿ. ರೆಗೇ ಅಂದರೆ ಗಾಂಜಾ ಸೇದೋರ ಹಾಡು ಅಂತಲೇ ನಮ್ಮ ಕಡೆ ಎಲ್ಲರ ತಲೆಯಲ್ಲಿದೆ. ಮನೆಯಲ್ಲಿ ಹಾಕಿದರೆ ನಮ್ಮಪ್ಪ ಒಂಥರಾ ನೋಡ್ತಾರೆ. ಈ ಮನುಷ್ಯನೂ ಅದಕ್ಕೇ ಒಳಗೆ ಹೋದ ಅಂದರೆ ನಾನು ಅವರಿಗೆ ಏನು ಹೇಳಲಿ?

ಹಳೇಟೇಪು:

ನಿಮ್ಮ ಪ್ರಶ್ನೆ ಸರಿಯಾಗೇ ಇದೆ ರೀ. ಟೂಟ್ಸ್ ಕೊನೆವರೆಗೂ ಹೇಳಿದ್ದು ಒಂದೇ ಮಾತು: ನನ್ನ ಹತ್ತಿರ ಏನೂ ಇರಲಿಲ್ಲ, ಗೆಳೆಯನಿಗೆ ಜಾಮೀನು ಕೊಡೋಕೆ ಹೋದವನನ್ನೇ ಸಿಕ್ಕಿಸಿದರು ಅಂತ. ಹೊರಗೆ ಬಂದು ಅವನು ಗೋಡೆಗೆ ತಲೆ ಚಚ್ಚಿಕೊಳ್ಳಲಿಲ್ಲ. ಹಾಡು ಕಟ್ಟಿದ. 'ಫಿಫ್ಟಿ ಫೋರ್ ಫಾರ್ಟಿ ಸಿಕ್ಸ್'. ಕೈದಿಯ ನಂಬರೇ ಹಾಡಿನ ಹೆಸರು. ಅದು ಬಂದದ್ದೂ 1968ರಲ್ಲೇ.

ನಿಮ್ಮ ತಂದೆಗೆ ಆ ಹಾಡಿನ ನಡುಭಾಗ ಒಂದು ಸಲ ಕೇಳಿಸಿ. ವಾದ್ಯ ಎಲ್ಲಾ ತಗ್ಗುತ್ತದೆ. ಟೂಟ್ಸ್ 'ಒಂದು ಸಲ ಕೊಡು' ಅಂತಾನೆ, ತಂಡದವರು ಧಡ್ ಅಂತ ಒಂದು ಪೆಟ್ಟು. 'ಎರಡು ಸಲ' ಅಂದರೆ ಎರಡು. ಹಾಗೇ ಮೂರು, ನಾಲ್ಕು. ಡೊಳ್ಳು ಕುಣಿತದಲ್ಲಿ ಮುಂದಾಳು ಸನ್ನೆ ಮಾಡಿದ ಕ್ಷಣಕ್ಕೆ ಹತ್ತು ಡೊಳ್ಳು ಒಟ್ಟಿಗೆ ಬೀಳುತ್ತಲ್ಲ, ಎದೆಗೆ ಅದೇ ಥರ ಬಡಿಯುತ್ತದೆ. ಜೈಲಿನಲ್ಲಿ ನಂಬರ್ ಕರೆದರೆ ಕೈದಿ ಎದ್ದು ನಿಲ್ಲಬೇಕು. ಇಲ್ಲಿ ನಂಬರ್ ಕರೆಯೋನು ಅವನು, ಎದ್ದು ನಿಲ್ಲೋದು ಇಡೀ ಸಭೆ. ನನಗೆ ಹಾಗೆ ಅನ್ನಿಸುತ್ತದೆ.

ಚರಿತ್ರೆಮೇಷ್ಟ್ರು:

ಗಾಂಜಾ ಮಾತು ಬಂದದ್ದಕ್ಕೆ ಒಂದು ವಿಷಯ ಸೇರಿಸ್ತೇನೆ. ಜಮೈಕಾದವರು ಅದಕ್ಕೆ ಏನಂತಾರೆ ಗೊತ್ತಾ? ಗಾಂಜಾ ಅಂತಲೇ. ಆ ಪದ ಹೋದದ್ದು ನಮ್ಮ ದೇಶದಿಂದ. ಅಲ್ಲಿ ಗುಲಾಮರಿಗೆ ಪೂರ್ತಿ ಬಿಡುಗಡೆ ಸಿಕ್ಕಿದ್ದು 1838ರಲ್ಲಿ. ಕಬ್ಬಿನ ತೋಟಗಳಿಗೆ ಕೂಲಿಗಳು ಬೇಕಾದರು. 1845ರಿಂದ ಇಂಡಿಯಾದಿಂದ ಕರಾರಿನ ಮೇಲೆ ಆಳುಗಳನ್ನ ಹಡಗು ತುಂಬಿಸಿ ಕಳಿಸಿದರು. ಹೆಚ್ಚಿನವರು ಈಗಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು. ಒಟ್ಟು 36 ಸಾವಿರದಷ್ಟು ಜನ. ಟೂಟ್ಸ್ ಹುಟ್ಟಿದ ಕ್ಲಾರೆಂಡನ್ ಕೂಡ ಕಬ್ಬಿನ ಸೀಮೆಯೇ. ಆ ಕೂಲಿಗಳು ಗಂಟಿನಲ್ಲಿ ಕಟ್ಟಿಕೊಂಡು ಹೋದದ್ದರಲ್ಲಿ ಈ ಸೊಪ್ಪೂ ಒಂದು, ಅದರ ಹೆಸರೂ ಒಂದು.

ಹಾಗಾಗಿ ಆ ಹಾಡುಗಾರನನ್ನ ಯಾವ ಅಪರಾಧಕ್ಕೆ ಒಳಗೆ ಹಾಕಿದರೋ, ಆ ಅಪರಾಧದ ಹೆಸರೇ ನಮ್ಮ ಮಾತು. ಪಾಠ ಮಾಡುವಾಗ ಇದನ್ನ ಹೇಳಿದರೆ ಮಕ್ಕಳು ಕಿವಿ ನಿಮಿರಿಸಿ ಕೂರ್ತಾರೆ.

ಲಯಗಾರ:

ನಾನು ಮೃದಂಗ ನುಡಿಸೋನು. ಪಾಶ್ಚಾತ್ಯ ಸಂಗೀತ ಜಾಸ್ತಿ ಗೊತ್ತಿಲ್ಲ. ಆದರೂ ಹಳೇಟೇಪು ಸರ್ ಹೇಳಿದ ಹಾಡುಗಳನ್ನ ನಿನ್ನೆ ರಾತ್ರಿ ಕೂತು ತಾಳ ಹಾಕಿಕೊಂಡು ಕೇಳಿದೆ. ಮೊದಲ ಅರ್ಧ ಗಂಟೆ ಕೈ ತಪ್ಪುತ್ತಲೇ ಇತ್ತು.

ಆಮೇಲೆ ಹೊಳೆಯಿತು. ನಾಲ್ಕು ಪೆಟ್ಟಿನ ಲೆಕ್ಕ. ಗಿಟಾರು ಪೆಟ್ಟಿನ ಮೇಲೆ ಬೀಳೋದಿಲ್ಲ, ಎರಡು ಪೆಟ್ಟಿನ ನಡುವಿನ ಜಾಗದಲ್ಲಿ ಚಕ್ ಅಂತ ಕತ್ತರಿಸಿದ ಹಾಗೆ ಬೀಳುತ್ತದೆ. ನಮ್ಮ ಕಚೇರಿಯಲ್ಲಿ ಸಮ ಬಿಟ್ಟು ಅರ್ಧ ಅಕ್ಷರ ತಡವಾಗಿ ಎತ್ತುಗಡೆ ಇರುವ ಕೃತಿಗಳಿವೆಯಲ್ಲ, ಆ ಎಳೆತ ಇಲ್ಲಿ ಹಾಡಿನ ಉದ್ದಕ್ಕೂ ಇದೆ. ಸಮದ ಮೇಲೆ ಕಾಲು ಇಡೋಕೆ ಹೋದರೆ ನೆಲ ಸಿಗಲ್ಲ. ಅದಕ್ಕೇ ಮೈ ತಾನಾಗೇ ತೂಗೋಕೆ ಶುರುವಾಗುತ್ತದೆ. ಬೇಸ್ ಗಿಟಾರು ಮಾತ್ರ ಕೆಳಗೆ ಬೇರೆಯೇ ಒಂದು ರಾಗ ಹಾಡ್ತಾ ಹೋಗುತ್ತದೆ. ಬರೀ ಶ್ರುತಿ ಹಿಡಿಯೋ ಕೆಲಸ ಅದರದ್ದಲ್ಲ.

ಇನ್ನೊಂದು ಗಮನಿಸಿದೆ. ಟೂಟ್ಸ್‌ನ 1968ರಿಂದ 70ರ ಹಾಡುಗಳ ನಡೆ ಚುರುಕು. ನನಗೆ ಮೊದಲೇ ಗೊತ್ತಿದ್ದ ಮಾರ್ಲಿ ಹಾಡುಗಳು ಅದಕ್ಕಿಂತ ನಿಧಾನ. ಇದು ನನ್ನ ಕಿವಿಯ ತಪ್ಪೋ, ನಿಜವೋ?

ಹಳೇಟೇಪು:

ನಿಮ್ಮ ಕಿವಿ ಸರಿಯಾಗೇ ಇದೆ ಸರ್. ಅರವತ್ತರ ದಶಕದ ಮೊದಲಿಗೆ ಅಲ್ಲಿ ಸ್ಕಾ ಅನ್ನೋ ಓಡುನಡೆಯ ಸಂಗೀತ ಇತ್ತು. 1966ರ ಸುಮಾರಿಗೆ ಅದು ನಿಧಾನವಾಗಿ ರಾಕ್‌ಸ್ಟೆಡಿ ಆಯಿತು. 1968ರಲ್ಲಿ ರೆಗೇ. ಮೊದಮೊದಲ ರೆಗೇ ಕುಣಿಯೋಕೆ ಅಂತಲೇ ಇದ್ದದ್ದು, ಅದಕ್ಕೇ ಚುರುಕು. ಎಪ್ಪತ್ತರ ದಶಕದಲ್ಲಿ ಅದು ಇನ್ನಷ್ಟು ತಗ್ಗಿ ಭಾರವಾಯಿತು. ಟೂಟ್ಸ್ ಈ ಮೂರೂ ಮೆಟ್ಟಿಲಲ್ಲಿ ನಿಂತು ಹಾಡಿದವನು.

ಗದಗಿನವ:

ಹಾಗಾದರೆ 'ರೆಗೇ' ಅಂದರೆ ಏನರ್ಥ ರೀ?

ಹಳೇಟೇಪು:

ಟೂಟ್ಸ್ ಹೇಳಿದ್ದು ಹೀಗೆ. ಕಿಂಗ್‌ಸ್ಟನ್ ಓಣಿಗಳಲ್ಲಿ 'ಸ್ಟ್ರೆಗೇ' ಅಂತ ಒಂದು ಆಡುಮಾತು ಇತ್ತು. ಸರಿಯಾಗಿ ಬಟ್ಟೆ ತೊಡದ, ತಲೆ ಕೆದರಿದ ಹುಡುಗಿಯನ್ನ ಹಾಗೆ ಅಂತಿದ್ದರು. ಒಂದು ದಿನ ತಂಡದವರು ಕೂತು ಮಾತಾಡ್ತಾ ಆ ಪದವನ್ನ ತಿರುಗಿಸಿ 'ರೆಗೇ ಮಾಡೋಣ ಬನ್ನಿ' ಅಂದರಂತೆ. ಅದೇ ಹಾಡಾಯಿತು.

ಚರಿತ್ರೆಮೇಷ್ಟ್ರು:

ಇಲ್ಲಿ ನನ್ನದೊಂದು ತಕರಾರು. ಒಬ್ಬ ಮನುಷ್ಯ ಒಂದು ಸಂಗೀತವನ್ನ 'ಹುಟ್ಟುಹಾಕಿದ' ಅನ್ನೋದು ಸರಿಯಲ್ಲ. ಅದೇ ಹೊತ್ತಿಗೆ ಡೆಸ್ಮಂಡ್ ಡೆಕ್ಕರ್ ಇದ್ದರು. ಅವರ 'ಇಸ್ರೇಲೈಟ್ಸ್' 1969ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಸ್ಥಾನಕ್ಕೇ ಹೋಯಿತು. ಜಿಮ್ಮಿ ಕ್ಲಿಫ್ ಇದ್ದರು. ಹೆಸರೇ ಬಾರದ ಎಷ್ಟೋ ಜನ ವಾದ್ಯದವರಿದ್ದರು. ಗಿಟಾರು, ಆರ್ಗನ್, ಡ್ರಮ್ ನುಡಿಸಿದವರೇ ಅಲ್ವಾ ಆ ಲಯವನ್ನ ನಿಜವಾಗಿ ತಿರುಗಿಸಿದ್ದು?

ಹಳೇಟೇಪು:

ಒಪ್ಪಿದೆ ಮೇಷ್ಟ್ರೇ. ಅದಕ್ಕೇ ನಾನು ಹೆಸರು ಇಟ್ಟವನು ಅಂದೆ, ಹೆತ್ತವನು ಅನ್ನಲಿಲ್ಲ. ಟೂಟ್ಸ್ ಕೂಡ ಆ ಸಂಗೀತ ಆಗಲೇ ಇತ್ತು, ಅದನ್ನ ಏನಂತ ಕರೀಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ ಅಂತಲೇ ಹೇಳಿದ್ದು.

ಡೆಕ್ಕರ್, ಕ್ಲಿಫ್, ಟೂಟ್ಸ್ ಮೂವರನ್ನೂ ಕಟ್ಟಿಹಾಕೋ ಒಂದು ಕೊಂಡಿ ಇದೆ. ಲೆಸ್ಲಿ ಕಾಂಗ್ ಅನ್ನೋ ಚೀನೀ ಮೂಲದ ಜಮೈಕಾದವನು. ಅಣ್ಣತಮ್ಮಂದಿರ ಜೊತೆ ಕಿಂಗ್‌ಸ್ಟನ್‌ನಲ್ಲಿ ಬೆವರ್ಲೀಸ್ ಅಂತ ಅಂಗಡಿ ಇಟ್ಟಿದ್ದ. ಐಸ್‌ಕ್ರೀಮೂ ಮಾರ್ತಿದ್ದರು, ರೆಕಾರ್ಡೂ ಮಾರ್ತಿದ್ದರು. ಜಿಮ್ಮಿ ಕ್ಲಿಫ್ ಹುಡುಗನಾಗಿದ್ದಾಗ ಅಂಗಡಿಯ ಹೆಸರಿನ ಮೇಲೇ ಒಂದು ಹಾಡು ಕಟ್ಟಿ, ಅಲ್ಲೇ ನಿಂತು ಹಾಡಿ, ನನ್ನ ಹಾಡು ರೆಕಾರ್ಡ್ ಮಾಡಿ ಅಂತ ಒಪ್ಪಿಸಿದ. ಕಾಂಗ್ ರೆಕಾರ್ಡ್ ತಯಾರಿಕೆಗೆ ಇಳಿದದ್ದು ಹಾಗೆ. 'ಇಸ್ರೇಲೈಟ್ಸ್', 'ಡು ದ ರೆಗೇ', 'ಫಿಫ್ಟಿ ಫೋರ್ ಫಾರ್ಟಿ ಸಿಕ್ಸ್', 'ಮಂಕಿ ಮ್ಯಾನ್', 'ಪ್ರೆಷರ್ ಡ್ರಾಪ್' ಎಲ್ಲಾ ಅವನ ಕೈಯಿಂದಲೇ ಹೊರಬಂದವು. 1971ರಲ್ಲಿ ಹೃದಯಾಘಾತ ಆಗಿ ತೀರಿಕೊಂಡ, ಇನ್ನೂ ನಲವತ್ತೂ ಆಗಿರಲಿಲ್ಲ. ಮೇಟಲ್ಸ್‌ಗೆ ಅದು ದೊಡ್ಡ ಪೆಟ್ಟು.

ಮಲ್ನಾಡ್‌ಹುಡುಗಿ:

'ಪ್ರೆಷರ್ ಡ್ರಾಪ್' ಈಗ ಕೇಳಿದೆ. ಒಂದೇ ಸಾಲನ್ನ ಎಷ್ಟು ಸಲ ಹೇಳ್ತಾರೆ! ಆದರೂ ಬೇಜಾರಾಗಲ್ಲ. ಅರ್ಥ ಮಾತ್ರ ಆಗಲಿಲ್ಲ. ಯಾರ ಮೇಲೆ ಯಾವ ಪ್ರೆಷರ್?

ಹಳೇಟೇಪು:

ಮಳೆಗಾಲದಲ್ಲಿ ನಮ್ಮ ಪೇಪರ್ ತೆಗೆದರೆ ಕಾಣೋ ಪದ ಯಾವುದು? 'ವಾಯುಭಾರ ಕುಸಿತ'. ಅದೇ ಪ್ರೆಷರ್ ಡ್ರಾಪ್. ಗಾಳಿಯ ಒತ್ತಡ ಇಳಿಯಿತು ಅಂದರೆ ಬಿರುಗಾಳಿ ಬರ್ತಿದೆ ಅಂತ. ಚಂಡಮಾರುತದ ದಾರಿಯಲ್ಲೇ ಇರೋ ದ್ವೀಪದವರಿಗೆ, ನಮ್ಮ ಕರಾವಳಿಯವರಿಗೆ ಇದ್ದ ಹಾಗೇ, ಆ ಮಾತಿನ ಭಯ ಚೆನ್ನಾಗಿ ಗೊತ್ತು.

ಟೂಟ್ಸ್ ಇದನ್ನ ಸೇಡಿನ ಹಾಡು ಅಂದಿದ್ದಾನೆ, ಆದರೆ ಕರ್ಮದ ರೂಪದಲ್ಲಿ. ಪಾಪದವರಿಗೆ ಕೆಟ್ಟದ್ದು ಮಾಡಿದೆಯಾ, ನಿನ್ನ ಮೇಲೂ ಅದು ಬಂದು ಬೀಳುತ್ತೆ ಅಂತ. ನಾವಾದರೆ 'ಮಾಡಿದ್ದುಣ್ಣೋ ಮಹಾರಾಯ' ಅಂತಿದ್ದೆವು. ಕೈ ಎತ್ತಲ್ಲ, ಬೈಯಲ್ಲ, ಹಾಡಿ ಸುಮ್ಮನಾಗ್ತಾನೆ.

1972ರಲ್ಲಿ 'ದ ಹಾರ್ಡರ್ ದೇ ಕಮ್' ಅನ್ನೋ ಜಮೈಕಾದ ಸಿನಿಮಾ ಬಂತು. ಜಿಮ್ಮಿ ಕ್ಲಿಫ್ ನಾಯಕ. ಅದರ ಹಾಡುಗಳ ರೆಕಾರ್ಡಿನಲ್ಲಿ 'ಪ್ರೆಷರ್ ಡ್ರಾಪ್' ಇತ್ತು, 'ಸ್ವೀಟ್ ಅಂಡ್ ಡ್ಯಾಂಡಿ' ಇತ್ತು. ಸಿನಿಮಾದಲ್ಲಿ ಸ್ಟುಡಿಯೋ ಒಳಗೆ ಮೇಟಲ್ಸ್ ಹಾಡೋ ದೃಶ್ಯವೇ ಇದೆ. ರೆಗೇ ಆ ದ್ವೀಪ ದಾಟಿ ಹೊರಗೆ ಹೋಗಿದ್ದರಲ್ಲಿ ಈ ಒಂದು ರೆಕಾರ್ಡಿನ ಪಾಲು ಬಹಳ ದೊಡ್ಡದು. ನಮ್ಮ ಮಾವನ ಕ್ಯಾಸೆಟ್ ಕೂಡ ಅದೇ ಅಂತ ಆಮೇಲೆ ಗೊತ್ತಾಯಿತು.

ಲಂಡನ್‌ಕನ್ನಡತಿ:

ನಾನು ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಹದಿನೈದು ವರ್ಷ ಆಯಿತು. ದಕ್ಷಿಣ ಲಂಡನ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಜಮೈಕಾ ಮೂಲದ ಅಜ್ಜಿ ಇದ್ದಾರೆ. ಶನಿವಾರ ಬೆಳಗ್ಗೆ ಅವರು ಮನೆ ಒರೆಸೋಕೆ ಶುರು ಮಾಡಿದರೆ ಗೋಡೆ ದಾಟಿ ಹಾಡು ಬರ್ತಿತ್ತು. ಎಷ್ಟೋ ಸಲ ಕೇಳಿದ್ದ ದನಿ ಟೂಟ್ಸ್ ಅವರದು ಅಂತ ಅಜ್ಜಿಯೇ ಹೇಳಿದ್ದು.

ಇಲ್ಲಿನ ಜನರಿಗೆ ಅವರು ಎಷ್ಟು ಹತ್ತಿರ ಅನ್ನೋದಕ್ಕೆ ಒಂದು ಸಂಗತಿ. 1980ರ ಸೆಪ್ಟೆಂಬರ್ 29ರಂದು ಹ್ಯಾಮರ್‌ಸ್ಮಿತ್ ಪ್ಯಾಲೆ ಅನ್ನೋ ಸಭಾಂಗಣದಲ್ಲಿ ಅವರ ಕಾರ್ಯಕ್ರಮ ಆಯಿತು. ಅದನ್ನ ಅಲ್ಲೇ ರೆಕಾರ್ಡ್ ಮಾಡಿ, ರಾತ್ರೋರಾತ್ರಿ ತಟ್ಟೆ ಒತ್ತಿಸಿ, 24 ಗಂಟೆ ಒಳಗೆ ಅಂಗಡಿಗೆ ತಂದರು. ಹಿಂದಿನ ರಾತ್ರಿ ಕುಣಿದವರು ಮರುದಿನ ಅದನ್ನೇ ಕೊಂಡುಕೊಂಡು ಮನೆಗೆ ಹೋದರು!

ಆ ಹೊತ್ತಿಗೆ ಇಲ್ಲಿನ ಬಿಳಿ ಹುಡುಗರೂ ಅವರ ಹಾಡು ಹಾಡ್ತಿದ್ದರು. ಕ್ಲ್ಯಾಶ್ ತಂಡ 'ಪ್ರೆಷರ್ ಡ್ರಾಪ್' ಹಾಡಿತು. ಕವೆಂಟ್ರಿಯ ಸ್ಪೆಷಲ್ಸ್ ತಂಡದಲ್ಲಿ ಕರಿಯರು ಬಿಳಿಯರು ಒಟ್ಟಿಗೆ ಇದ್ದರು, ಅವರು 1979ರಲ್ಲಿ 'ಮಂಕಿ ಮ್ಯಾನ್' ಹಾಡಿದರು. ಆಮೇಲೆ ಏಮಿ ವೈನ್‌ಹೌಸ್ ಕೂಡ ಹಾಡಿದರು. ಬೀದಿಯಲ್ಲಿ ಬಣ್ಣದ ಮೇಲೆ ಹೊಡೆದಾಟ ನಡೀತಿದ್ದ ಕಾಲ ಅದು. ಅಜ್ಜಿ ಆ ದಿನಗಳ ಬಗ್ಗೆ ಜಾಸ್ತಿ ಮಾತಾಡಲ್ಲ.

ಗದಗಿನವ:

ನಾನು ಒಂದು ಹೇಳ್ತೇನೆ, ಸಣ್ಣದು. 'ಕಂಟ್ರಿ ರೋಡ್ಸ್' ಹಾಸ್ಟೆಲಿನಲ್ಲಿ ಗಿಟಾರು ಹಿಡಿದವರೆಲ್ಲ ಹಾಡ್ತಿದ್ದ ಹಾಡು. ಅದನ್ನ ಟೂಟ್ಸ್ ಹಾಡಿದ್ದು ಸಿಕ್ಕಿತು. 'ವೆಸ್ಟ್ ವರ್ಜೀನಿಯಾ' ಇರೋ ಜಾಗದಲ್ಲಿ 'ವೆಸ್ಟ್ ಜಮೈಕಾ' ಅಂತಾನೆ! ಹಾಡು ಪೂರ್ತಿ ಅವನದ್ದೇ ಆಗಿಹೋಯಿತು. ಅಪ್ಪನಿಗೆ ಇದನ್ನ ಕೇಳಿಸಿದೆ. ಒಂಥರಾ ನೋಡಲಿಲ್ಲ. 'ಭಜನಿ ಹಾಡಿದಂಗ ಹಾಡ್ತಾನ' ಅಂದರು.

ಹಳೇಟೇಪು:

ನಿಮ್ಮ ತಂದೆ ಒಂದೇ ಮಾತಿನಲ್ಲಿ ಹಿಡಿದುಬಿಟ್ಟರು. ಚರ್ಚು ಅವನನ್ನ ಬಿಡಲೇ ಇಲ್ಲ. ಅವನು ಆಮೇಲೆ ರಾಸ್ತಾಫರಿ ಅನ್ನೋ, ಜಮೈಕಾದಲ್ಲೇ ಹುಟ್ಟಿದ ಧಾರ್ಮಿಕ ನಂಬಿಕೆಗೆ ಬಂದ, ಆದರೂ ಹಾಡುವ ರೀತಿ ಮಾತ್ರ ಅಪ್ಪ ಅಮ್ಮನ ಚರ್ಚಿನದೇ. ಮುಂದೆ ಒಬ್ಬ ಕೂಗಬೇಕು, ಹಿಂದೆ ಇಬ್ಬರು ಸೊಲ್ಲು ಹಿಡೀಬೇಕು.

ಕೊನೆ ಕಾಲದ ಒಂದು ಘಟನೆ ಹೇಳಲೇಬೇಕು. ನಾನು ಈ ಮನುಷ್ಯನನ್ನ ಇಷ್ಟು ಹಚ್ಚಿಕೊಳ್ಳೋಕೆ ಅದೇ ಕಾರಣ. 2013ರ ಮೇ ತಿಂಗಳಲ್ಲಿ ಅಮೆರಿಕಾದ ವರ್ಜೀನಿಯಾದ ರಿಚ್‌ಮಂಡ್ ಊರಿನಲ್ಲಿ ಹಾಡ್ತಿದ್ದಾಗ ಜನರ ನಡುವಿನಿಂದ ಒಬ್ಬ ಹುಡುಗ ದೊಡ್ಡ ವೋಡ್ಕಾ ಬಾಟಲಿ ಎಸೆದ. ಹತ್ತೊಂಬತ್ತು ವರ್ಷದವನು. ಬಾಟಲಿ ನೇರ ಟೂಟ್ಸ್ ತಲೆಗೆ ಬಡಿಯಿತು. ಆಗ ಅವನಿಗೆ ಎಪ್ಪತ್ತು ವಯಸ್ಸು. ಗಾಯ ವಾಸಿಯಾದರೂ ತಲೆನೋವು, ತಲೆಸುತ್ತು, ಮರೆವು ಉಳಿದವು. ಜನ ಸೇರಿದರೆ ಭಯ ಆಗ್ತಿತ್ತು. ಹಾಡಿನ ಪದಗಳೇ ಮರೆತುಹೋಗ್ತಿದ್ದವು. ಮೂರು ವರ್ಷ ವೇದಿಕೆ ಹತ್ತಲಿಲ್ಲ.

ಆ ಹುಡುಗನ ವಿಚಾರಣೆಗೆ ಟೂಟ್ಸ್ ನ್ಯಾಯಾಧೀಶರಿಗೆ ಕಾಗದ ಬರೆದ. ತನಗಾದ ನೋವನ್ನೆಲ್ಲ ಹೇಳಿಕೊಂಡ. ಆಮೇಲೆ ಬರೆದದ್ದು ಏನು ಗೊತ್ತಾ? ಅವನಿನ್ನೂ ಚಿಕ್ಕ ಹುಡುಗ, ಜೈಲಿನಲ್ಲಿ ಚಿಕ್ಕವರಿಗೆ ಏನೇನಾಗುತ್ತೆ ಅಂತ ಕೇಳಿದ್ದೇನೆ, ಅವನು ಅದನ್ನ ಅನುಭವಿಸ್ತಾನೆ ಅಂತ ಗೊತ್ತಾದರೆ ನನ್ನ ನೋವು ಇನ್ನೂ ಹೆಚ್ಚುತ್ತದೆ ಅಂತ. ಕೋರ್ಟು ಆರು ತಿಂಗಳ ಶಿಕ್ಷೆ ಕೊಟ್ಟಿತು.

ಒಳಗೆ ಕೂತು ಬಂದವನು ಬರೆದ ಕಾಗದ ಅದು. ನಾನು ಅದನ್ನ ಓದಿದ ದಿನ ಮತ್ತೆ 'ಫಿಫ್ಟಿ ಫೋರ್ ಫಾರ್ಟಿ ಸಿಕ್ಸ್' ಹಾಕಿದೆ. ಪೂರ್ತಿ ಕೇಳೋಕೆ ಆಗಲಿಲ್ಲ.

ಲಯಗಾರ:

ಇದನ್ನ ಓದಿ ಸ್ವಲ್ಪ ಹೊತ್ತು ಏನೂ ತೋಚಲಿಲ್ಲ ಸರ್. ಆಮೇಲೆ ಹಾಡಿದರಾ ಅವರು?

ಲಂಡನ್‌ಕನ್ನಡತಿ:

ಹಾಡಿದರು. 2016ರಲ್ಲಿ ವೇದಿಕೆಗೆ ವಾಪಸ್ ಬಂದರು. 2020ರ ಆಗಸ್ಟ್ ಕೊನೆಗೆ 'ಗಾಟ್ ಟು ಬಿ ಟಫ್' ಅಂತ ಹೊಸ ಆಲ್ಬಂ ಬಂತು. ಎರಡು ವಾರ ಕಳೆದಿತ್ತು ಅಷ್ಟೇ. ಸೆಪ್ಟೆಂಬರ್ 11ರಂದು ಕಿಂಗ್‌ಸ್ಟನ್‌ನ ಆಸ್ಪತ್ರೆಯಲ್ಲಿ ಹೋಗಿಬಿಟ್ಟರು. 77 ವರ್ಷ. ಕೋವಿಡ್ ಕಾಲ. ಮರುವರ್ಷ ಅದೇ ಆಲ್ಬಂಗೆ ಗ್ರ್ಯಾಮಿ ಬಂತು. 2005ರಲ್ಲಿ 'ಟ್ರೂ ಲವ್'ಗೂ ಬಂದಿತ್ತು, ಆದರೆ ಎರಡನೇದನ್ನ ತಗೊಳ್ಳೋಕೆ ಅವರೇ ಇರಲಿಲ್ಲ.

ಸುದ್ದಿ ಬಂದ ದಿನ ನಾನು ರಾತ್ರಿ ಪಾಳಿ ಮುಗಿಸಿ ಬಂದಿದ್ದೆ. ಮುಖದ ಮೇಲೆ ಮಾಸ್ಕಿನ ಗೆರೆ ಇನ್ನೂ ಹೋಗಿರಲಿಲ್ಲ. ಅಜ್ಜಿ ಕಿಟಕಿ ತೆರೆದು ಸ್ಪೀಕರನ್ನ ಬೀದಿ ಕಡೆ ತಿರುಗಿಸಿ ಇಟ್ಟಿದ್ದರು. ನನ್ನ ನೋಡಿ ಕೈ ಎತ್ತಿದರು. ನಾನು ಗೇಟಿನ ಈಚೆ ನಿಂತೆ, ಅವರು ಕಿಟಕಿಯಲ್ಲಿ. ಎರಡು ಹಾಡು ಮುಗಿಯೋವರೆಗೂ ಹಾಗೇ ನಿಂತಿದ್ದೆವು.

ಮಲ್ನಾಡ್‌ಹುಡುಗಿ:

ಎಲ್ಲರಿಗೂ ಥ್ಯಾಂಕ್ಸ್. ಮೂರು ದಿನದಿಂದ ಬರೀ ಇವರದೇ ಹಾಡು. ನಿನ್ನೆ ಸಂಜೆ ಅಮ್ಮ ಅಡಿಕೆ ಸುಲೀತಾ ಕೂತಿದ್ದರು, ನಾನು 'ಸ್ವೀಟ್ ಅಂಡ್ ಡ್ಯಾಂಡಿ' ಹಾಕಿದೆ. ಏನು ಹೇಳ್ತಾನೆ ಅವನು ಅಂತ ಕೇಳಿದರು. ಸಾಲು ಸಾಲೇ ನಿಲ್ಲಿಸಿ ಕನ್ನಡದಲ್ಲಿ ಹೇಳಿದೆ. ಮದುವೆ ಮನೆ. ಎಟ್ಟಿ ಅನ್ನೋ ಹುಡುಗಿ ಕೋಣೆಯಲ್ಲಿ ಅಳ್ತಾ ಕೂತಿದ್ದಾಳೆ. ಕಣ್ಣೊರೆಸಿಕೋ ಅಂತಾಳೆ ಅಮ್ಮ, ಶಾಲೆಗೇ ಹೋಗದವಳ ಥರ ಪೆದ್ದುಪೆದ್ದಾಗಿ ಆಡಬೇಡ ಅಂತಾನೆ ಅಪ್ಪ. ಇನ್ನೊಂದು ಕೋಣೆಯಲ್ಲಿ ಮದುಮಗ ಜಾನ್ಸನ್ ಕಂಗಾಲಾಗಿ ಕೂತಿದ್ದಾನೆ, ತಲೆ ಎತ್ತು ಅಂತ ಚಿಕ್ಕಪ್ಪನೋ ದೊಡ್ಡಪ್ಪನೋ ಗದರ್ತಾರೆ. ಕೇಕಿಗೆ 1 ಪೌಂಡ್ 10 ಶಿಲ್ಲಿಂಗ್, ಬಾಟಲಿಗಟ್ಟಲೆ ಕೋಲಾ ವೈನ್. ಊರವರೆಲ್ಲ ಬಿಳಿ ಬಟ್ಟೆ ತೊಟ್ಟು ಜಾನ್ಸನ್ ಮದುವೆ ಕೇಕು ತಿನ್ನೋಕೆ ಹೊರಟಿದ್ದಾರೆ.

ಅಮ್ಮನ ಕೈ ನಿಂತಿತ್ತು. 'ನಿಮ್ಮಪ್ಪನೂ ಹಾಗೇ' ಅಂದರು. 'ಧಾರೆಗೆ ಹೊತ್ತಾಯ್ತು ಅಂತ ಎಲ್ಲಾ ಹುಡುಕ್ತಿದ್ರೆ ಕೊಟ್ಟಿಗೆಯಲ್ಲಿ ದನದ ಪಕ್ಕ ಕೂತಿದ್ರಂತೆ. ನಿಮ್ಮ ದೊಡ್ಡಪ್ಪ ಹೋಗಿ ಎಬ್ಬಿಸಿಕೊಂಡು ಬಂದದ್ದು.'

ಇಷ್ಟು ವರ್ಷದಲ್ಲಿ ಅಮ್ಮ ಇದನ್ನ ಹೇಳಿರಲೇ ಇಲ್ಲ. ಅಪ್ಪ ಜಗುಲಿಯಲ್ಲೇ ಇದ್ದರು, ಪೇಪರ್ ಮುಖದಿಂದ ಇಳಿಸಲಿಲ್ಲ. ಅಮ್ಮ ಮತ್ತೆ ಅಡಿಕೆಗೆ ಕೈ ಹಾಕಿ, 'ಇನ್ನೊಂದ್ಸಲ ಹಾಕು' ಅಂದರು.